ಎರಡು ತೊಲಿ

ಮೂರು ಐತವಾರ ಆತು, ಹುಚ್ಚೇಶಣ್ಣ
ಯಜ್ಡಿ ಮುಂದ ಕುಕ್ಕರಗಾಲಿಲೆ ಕುಂತು.
ಸೀಟು ಗೋಡಿಗೆ ಆನಿಸೇತಿ, ಬ್ಯಾಟರಿ ನೀರಿನ ಟಾಕಿ ಮ್ಯಾಲ,
ಬೋಲ್ಟುಗಳೆಲ್ಲ ನಾ ಲಾಳಿ ಇಡೂ ಡಬ್ಬ್ಯಾಗ.
ಏರ್ ಬಾಕ್ಸ್ ಮಾತ್ರ ಹೊರಗ ಬರವಲ್ದು.
ಚೌಕಟ್ಟಿನ ನಡುವ ಹಟ ಹಿಡದು ಕುಂತೇತಿ,
ಇಳಕಲ್ ಬಸ್ಸಿನ್ಯಾಗ ಕಿಟಕಿ ಸೀಟು ಹಿಡದ ಮುದುಕನಂಗ.

ಲಾಲೇಸಾಬ್ ಚಾ ಕುಡಿಯಾಕ ಬಂದಾಂವ ನಿಂತಲ್ಲೇ ಹೇಳಿದ:
"ಹಿಂದಿನ ಮಡ್‌ಗಾರ್ಡಿನ ಬೋಲ್ಟು ಸಡಲ ಮಾಡು,
ಕಾರ್ಬುರೇಟರ್ ತುಸು ಮುಂದಕ ದೂಡು,
ಎಡಕ್ಕ ವಾಲಿಸು, ತಿರುವು, ಬಲಕ್ಕ ಎಳಿ.
ಜೋರು ಮಾಡಬ್ಯಾಡ. ಹಳೇ ಪತ್ರಾ ಐತಿ."
ಹೇಳೂದು ಹಗರ.

ನಾ ಮಗ್ಗದ ಕುಣ್ಯಾಗ ಕಾಲಿಟ್ಟು ಕುಂತಾಕಿ.
ಬಾಗಲದಾಗಿಂದ ಅಣ್ಣನ ಬೆನ್ನು ಕಾಣತಿತ್ತು,
ಬೈಗಳ ಕೇಳತಿತ್ತು: ಗಾಡಿಗೆ, ಗಾಡಿ ಮಾಡಿದಾಂವಗ,
ಅದನ್ನ ಕೊಂಡ ತನಗ.
ಸಂಜಿ ನಾಕಕ್ಕ ಕಟಕ್ ಅಂತು. ಬಂತು.

ಒಳಗ ಅಣ್ಣ ಕ್ವಾರಿಗೆ ಹೋಗಿ ಬರೂ ದಿನದ ಕೆಂಪು ಧೂಳು;
ಈ ಊರಿನ ಕಲ್ಲು ನಾವು ನುಂಗಿದಷ್ಟು ಅದೂ ನುಂಗಿತ್ತು.
ಧೂಳಿನ ತೆಳಗ, ಫಿಲ್ಟರಿನ ಬಗಲಾಗ, ಇಲಿಯ ಗೂಡು.
ಇಲಿ ಇರಲಿಲ್ಲ.
ಬಾಡಿಗಿ ಕೊಡದನ ಮನಿ ಖಾಲಿ ಮಾಡಿತ್ತು.

"ಒಗಿ ಅದನ್ನ" ಅಂದ.
ಒಗೀಲಿಲ್ಲ ನಾನು.
ಗೂಡು ರೇಷ್ಮಿದು.
ದಾಳಿಂಬ್ರದ ಕೆಂಪು, ಸೆರಗಿನ ಕೆಂಪು.
ಗಾಡಿ ಮಗ್ಗದ ಗೋಡಿಗೆ ನಿಂತ ವರ್ಷ ಒಂದ ಸಲ ಬಂದ ಬಣ್ಣ,
ಆಮ್ಯಾಲೆ ಎಷ್ಟು ಲಡಿ ಬಂದ್ರೂ ಆ ಛಾಯಾ ಬರಲಿಲ್ಲ.

ಆ ವರ್ಷ ಸಾವಕಾರ ತಕ್ಕಡಿ ಎತ್ತಿ
ನನ್ನ ಮಾರಿ ನೋಡಲಿಲ್ಲ, ಮುಳ್ಳು ನೋಡಿದ.
"ಎರಡು ತೊಲಿ ಕಮ್ಮಿ ಐತಿ, ಗುರಸಂಗವ್ವ."
ಕಳವು ಅನ್ನಲಿಲ್ಲ. ಕೂಲ್ಯಾಗ ನೂರಾ ಹತ್ತು ಮುರಕೊಂಡ.
ಅನ್ನದ ಮಾತು ಓಣಿ ತುಂಬ ಅಡ್ಡಾಡಿತು,
ನಳದ ಹತ್ತರ ನನ್ನ ಕೊಡ ಕಂಡ್ರ ಸುಮ್ಮನಾಗತಿತ್ತು.

ಕೂಡಿಸೂದು ಬಿಚ್ಚೂದಕ್ಕಿಂತ ತ್ರಾಸು.
ರಬ್ಬರ್ ಕೊಳವಿ ಕಟಕ ರೊಟ್ಟಿಯಾಗಿತ್ತು,
ಬಿಸಿನೀರಾಗ ಅದ್ದಿದಿವಿ, ಎಣ್ಣಿ ಸವರಿದಿವಿ.
ಕಾರ್ಬುರೇಟರ್ ಬಾಯಿಗೆ ಮ್ಯಾಲ ಕುಂತ್ರ ತೆಳಗ ಜಾರತಿತ್ತು,
ತೆಳಗ ಕುಂತ್ರ ಮ್ಯಾಲ.
ಕಣ್ಣು ಹೋಗದ ಜಾಗ. ಅಣ್ಣನ ಬೆರಳು ದಪ್ಪ.

"ಸರಿ" ಅಂದೆ.
ನಾ ಮಾಡೂ ಕೆಲಸನ ಅದು:
ಸೆರಗಿನ ಹಾಸಿಗೆ ಒಡಲಿನ ಹಾಸು ಕೊಂಡಿ ಹಾಕೂದು,
ಎಳಿಗೆ ಎಳಿ, ಬೆರಳಿಗೆ ಗೊತ್ತಾಗೂವಂಗ, ಕಣ್ಣಿಗೆ ಅಲ್ಲ.
ಕೈ ಇಟ್ಟೆ. ರಬ್ಬರಿನ ತುಟಿ ಸಿಕ್ತು.
ಹೆಬ್ಬಟ್ಟಿಲೆ ಒತ್ತಿಕೋಂತ ಸುತ್ತ ಹ್ವಾದೆ,
ತೊಪ್ ಅಂತ ಕುಂತು.
ಅಣ್ಣ ಕ್ಲಿಪ್ಪು ಬಿಗಿ ಮಾಡಿದ. ಏನೂ ಅನ್ನಲಿಲ್ಲ.

ಕಡೀಕ ಡಬ್ಬ್ಯಾಗ ಒಂದು ಬೋಲ್ಟು ಉಳೀತು.
ಹೊಳ್ಳಿಸಿ ಮಳ್ಳಿಸಿ ನೋಡಿ ಕಿಸೇಕ ಹಾಕ್ಕೊಂಡ.
"ಹೆಚ್ಚಾದ್ರ ಯಾರೂ ಕೇಳಂಗಿಲ್ಲ ನೋಡು" ಅಂದೆ.

ಆರನೇ ಕಿಕ್ಕಿಗೆ ಕೆಮ್ಮಿತು, ನೀಲಿ ಹೊಗಿ ಕಾರಿತು,
ಆಮ್ಯಾಲೆ ಒಂದು ಸಪ್ಪಳ,
ಹರಕತ್ ಇಲ್ಲದ ಮೂಗಿನ ಉಸರಿನಂಗ.
ಕಿಕ್ಕಿನ ಕೋಲು ಮಡಚಿ ಗೇರ್ ಮಾಡಿದ,
ಈ ಗಾಡಿಗೆ ಎರಡಕ್ಕೂ ಒಂದ ಕೋಲು.
ಹಿಂದ ಹತ್ತಿ ಕುಂತೆ, ಉಡ್ಯಾಗ ಗೂಡು.
"ಎತ್ತಾಗ?"
"ಸಾವಕಾರನ ಮನೀಗೆ. ತಕ್ಕಡಿ ಇನ್ನೂ ಐತಂತ."

ಧೂಳು ಝಾಡಿಸಿಲ್ಲ ನಾನು, ಇಲಿಯ ಕೂದಲಾ ಆರಿಸಿಲ್ಲ.
ಎರಡು ತೊಲಿಗೆ ಹೆಚ್ಚು ಬಂದ್ರ ಬರಲಿ,
ಬಡ್ಡಿ ಅಂತ ಇಟಗೊಳ್ಳಲಿ.